ಸಹಿ ಹಾಕದ ತಿದ್ದುಪಡಿ

ಬ್ಲೌಸಿನ ಹುಕ್ಕು ಕಿತ್ತುಹೋಗಿತ್ತು. ಸೂಜಿದಾರ ಹುಡುಕಲು ಹೋಗಿ ಅಮ್ಮನ ಕಾಲದ ಒಂದು ದುಂಡನೆಯ ತಗಡಿನ ಡಬ್ಬಿ ತೆರೆದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು: ಯಾವುದೋ ಕಾಲದಲ್ಲಿ ಯಾವುದಕ್ಕೋ ಬಂದದ್ದು, ಆಮೇಲೆ ಗುಂಡಿ, ಹುಕ್ಕು, ಪಿನ್ನುಗಳ ಪಾಲಾದದ್ದು. ನಮ್ಮದು ಟೈಪ್‌ರೈಟರ್ ರಿಬ್ಬನ್ನಿನ ಡಬ್ಬಿ. ನಲವತ್ತು ವರ್ಷವಾಗುತ್ತ ಬಂದರೂ ಮುಚ್ಚಳದ ಒಳಗೆ ಮಸಿಯ ವಾಸನೆ ಗಟ್ಟಿಯಾಗಿ ಕೂತಿದೆ. ಹುಕ್ಕಿನ ವಿಷಯ ಮರೆತು ಅದನ್ನು ಮೂಗಿಗೆ ಹಿಡಿದುಕೊಂಡು ನಿಂತೆ. ಐವತ್ತೇಳರ ಹೆಂಗಸು, ಅದರಲ್ಲೂ ವಕೀಲಳು, ಗುಂಡಿ ಡಬ್ಬಿ ಮೂಸುತ್ತ ನಿಂತಿದ್ದನ್ನು ಕಕ್ಷಿದಾರರು ಯಾರಾದರೂ ನೋಡಿದ್ದರೆ ಫೈಲು ವಾಪಸ್ ಕೇಳುತ್ತಿದ್ದರು.

ಆ ವಾಸನೆ ನನ್ನನ್ನು ನೇರವಾಗಿ ಒಯ್ಯುವುದು ಮತ್ತಿಕೆರೆಯ ಒಂದು ಹಿಟ್ಟಿನ ಮಿಷನ್ನಿನ ಮಹಡಿಗೆ. ಅಲ್ಲಿ ನಂಜುಂಡಯ್ಯ ಮೇಷ್ಟ್ರು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹನ್ನೆರಡು ಮಿಷನ್ನುಗಳು, ಹದಿಮೂರು ಸ್ಟೂಲುಗಳು. ಹದಿಮೂರನೆಯದು ಮೇಷ್ಟ್ರದ್ದು. ಕೆಳಗೆ ರಾಗಿ ಬೀಸಲು ಶುರುವಾದರೆ ಮೇಲೆ ನಮ್ಮ ಬೆರಳು ತಾನಾಗಿ ನಡುಗುತ್ತಿತ್ತು. ಆ ನಡುಕದಲ್ಲೂ ತಪ್ಪಿಲ್ಲದೆ ಹೊಡೆದವರು ಪರೀಕ್ಷೆಯಲ್ಲಿ ಎಂದೂ ಸೋಲುವುದಿಲ್ಲ ಎಂದು ಮೇಷ್ಟ್ರು ಧೈರ್ಯ ಹೇಳುತ್ತಿದ್ದರು. ನನ್ನದು ಬೆಳಿಗ್ಗೆ ಆರೂವರೆಯ ಬ್ಯಾಚು. ಅದು ಮುಗಿಸಿಕೊಂಡು ಪಿಯುಸಿ ಕಾಲೇಜಿಗೆ ಓಡಬೇಕಿತ್ತು.

ಮೇಷ್ಟ್ರ ವಿಶೇಷವೆಂದರೆ ಅಭ್ಯಾಸಕ್ಕೆ ಕೊಡುತ್ತಿದ್ದ ಪಾಠ. ಬೇರೆ ಕಡೆ ವ್ಯಾಪಾರದ ಪತ್ರ, ರಜೆ ಅರ್ಜಿ ಹೊಡೆಸುತ್ತಿದ್ದರು. ಇವರು ಯಶವಂತಪುರದ ರದ್ದಿ ಅಂಗಡಿಯೊಂದರಲ್ಲಿ ಅಮೆರಿಕದ ಹಳೆಯ ಪತ್ರಿಕೆ, ಪುಸ್ತಿಕೆಗಳ ಕಟ್ಟೊಂದನ್ನು ತೂಕಕ್ಕೆ ತಂದಿಟ್ಟುಕೊಂಡಿದ್ದರು. ನುಣುಪಾದ ಕಾಗದ, ಒಳ್ಳೆಯ ಇಂಗ್ಲಿಷು, ದೊಡ್ಡ ಅಕ್ಷರ. ಹಾಗಾಗಿ ಆ ದೇಶದ ಸಂವಿಧಾನ, ಅಧ್ಯಕ್ಷರ ಭಾಷಣ, ಅಲ್ಲಿನ ನ್ಯಾಯಾಧೀಶರ ತೀರ್ಪು ಎಲ್ಲ ನಮ್ಮ ಬೆರಳ ತುದಿಗೆ ಬಂದವು. ಅವರ ಅಧ್ಯಕ್ಷರು ನಾಲ್ಕು ವರ್ಷಕ್ಕೊಮ್ಮೆ ತೆಗೆದುಕೊಳ್ಳುವ ಪ್ರಮಾಣವಚನವನ್ನು ನಾನು ನೂರೈವತ್ತು ಸಲವಾದರೂ ತೆಗೆದುಕೊಂಡಿದ್ದೇನೆ, ಕಾರ್ಬನ್ ಕಾಪಿ ಸಮೇತ.

ಶನಿವಾರ ಮಿಷನ್ನುಗಳಿಗೆ ಎಣ್ಣೆ ಹಾಕಲು ಖಲೀಲ್ ಸಾಹೇಬರು ಆರ್.ಟಿ. ನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಟೈಪ್‌ರೈಟರ್, ಹೊಲಿಗೆ ಮಿಷನ್, ಟೇಪ್ ರೆಕಾರ್ಡರ್, ಏನನ್ನು ಬೇಕಾದರೂ ಬಿಚ್ಚಿ ಜೋಡಿಸುವ ಕೈ. ನಾವು ಹೊಡೆದು ಮಡಿಸಿಟ್ಟ ಹಾಳೆಗಳನ್ನೇ ಎಣ್ಣೆ ಒರೆಸಲು ತೆಗೆದುಕೊಳ್ಳುತ್ತಿದ್ದರು. ಆದರೆ ಒರೆಸುವ ಮೊದಲು ಓದುತ್ತಿದ್ದರು. ಓದಿದ ಮೇಲೆ ಸುಮ್ಮನಿರುವ ಪೈಕಿಯಲ್ಲ. ಹಾಗೆ ಶುರುವಾದದ್ದು ನಮ್ಮ ಶನಿವಾರದ ಜಗಳ. ಟೀ ಬರುತ್ತಿತ್ತು, ಮಿಷನ್ನುಗಳು ನಿಲ್ಲುತ್ತಿದ್ದವು, ಅಮೆರಿಕ ಶುರುವಾಗುತ್ತಿತ್ತು.

ಅಧ್ಯಕ್ಷರಿಗೆ ನಮ್ಮಲ್ಲಿ ಹೆಸರಿರಲಿಲ್ಲ. ಕಡಲೆಕಾಯಿ ಬೆಳೆಯುತ್ತಿದ್ದವರು ಕಡಲೆಕಾಯಿಯವರು, ಮೊದಲು ನಟರಾಗಿದ್ದವರು ಸಿನಿಮಾದವರು, ಇನ್ನೊಬ್ಬರು ಟೇಪಿನವರು, ಅಷ್ಟೇ. ಟೇಪಿನವರೆಂದರೆ ತಮ್ಮ ಆಫೀಸಿನ ಮಾತುಕತೆಯೆಲ್ಲ ಟೇಪ್ ಮಾಡಿಸಿ, ಕೊನೆಗೆ ಅದರಿಂದಲೇ ಕುರ್ಚಿ ಬಿಟ್ಟವರು. ಟೇಪಿನಲ್ಲಿ ಒಂದಷ್ಟು ಹೊತ್ತು ಮಾತೇ ಇರಲಿಲ್ಲವಂತೆ, ಅಳಿಸಿಹೋಗಿತ್ತಂತೆ. ಮೇಷ್ಟ್ರು ಅವರ ಪರ ವಹಿಸಿಕೊಂಡು, ಮಿಷನ್ ಕೆಟ್ಟಿರಬಹುದು ಎಂದರು. ಖಲೀಲ್ ಸಾಹೇಬರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, "ಮಿಷನ್ ತಾನಾಗೇ ಅಳ್ಸಲ್ಲ ಮೇಷ್ಟ್ರೇ. ಬೆರಳು ಬೇಕು" ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯದೇ ಉಳಿದದ್ದು ಸಂವಿಧಾನದ ವಿಷಯ. ಅದನ್ನು ಹೇಗೆ ಓದಬೇಕೆಂಬುದರ ಮೇಲೆ ಅಲ್ಲಿನ ನ್ಯಾಯಾಧೀಶರೇ ಆಗ ಕಿತ್ತಾಡುತ್ತಿದ್ದರು. ಇವರಿಬ್ಬರು ಬಿಟ್ಟಾರೆಯೇ? ಮೇಷ್ಟ್ರದ್ದು ಟೈಪಿಸ್ಟ್ ಧರ್ಮ. ಪರೀಕ್ಷೆಯ ಪ್ರತಿಯಲ್ಲಿ ತಪ್ಪಿದ್ದರೆ ಆ ತಪ್ಪನ್ನೇ ಹೊಡೆಯಬೇಕು, ತಿದ್ದಿದರೆ ಅಂಕ ಹೋಗುತ್ತದೆ. "ಟೈಪಿಸ್ಟ್‌ಗೆ ಬುದ್ಧಿ ಇರ್ಬಾರ್ದು ಕಣಮ್ಮ, ಕಣ್ಣಿರ್ಬೇಕು" ಎಂದು ನನ್ನ ತಲೆಗೆ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಮಕ್ಕಿಕಾಮಕ್ಕಿ ಎನ್ನುವುದು ಬೇರೆಯವರಿಗೆ ಬೈಗುಳ, ಮೇಷ್ಟ್ರಿಗೆ ಬಿರುದು. ಸಂವಿಧಾನದ ವಿಷಯದಲ್ಲೂ ಅದೇ.

"ಬರೆದೋರು ಏನಂದ್ಕೊಂಡು ಬರೆದ್ರೋ ಅದೇ ಅರ್ಥ. ಇನ್ನೂರು ವರ್ಷ ಆದ್ಮೇಲೆ ಬಂದು ನಂಗೆ ಹಿಂಗನ್ಸುತ್ತೆ ಅನ್ನೋಕೆ ಇವ್ರ್ಯಾರ್ರೀ?"

"ಈ ಮಿಷನ್ ನೋಡಿ ಮೇಷ್ಟ್ರೇ," ಎನ್ನುತ್ತಿದ್ದರು ಸಾಹೇಬರು. "ರೋಲರ್ ನಾನ್ ಹಾಕಿದ್ದು. ಸ್ಪ್ರಿಂಗ್ ನಾನ್ ಹಾಕಿದ್ದು. ಅರ್ಧ ಅಕ್ಷರ ಬೇರೆ ಮಿಷನ್‌ದು. ಆದ್ರೂ ನಮ್ಮಪ್ಪ ಕೊಡ್ಸಿದ ಮಿಷನ್ ಅಂತಾನೇ ಹೇಳ್ತೀರಲ್ಲ? ಸಂವಿಧಾನನೂ ಅಷ್ಟೇ. ಯಾವ ಕಾಲಕ್ಕೆ ಓಡ್ಬೇಕೋ ಆ ಕಾಲಕ್ಕೆ ತಕ್ಕಂಗೆ ಇಟ್ಕೋಬೇಕು."

"ಬದ್ಲಾಯಿಸೋಕೆ ತಿದ್ದುಪಡಿ ಅಂತ ರಾಜಮಾರ್ಗ ಇದೆಯಲ್ರೀ. ಓದೋ ನೆಪದಲ್ಲಿ ಕಳ್ಳದಾರಿ ಯಾಕೆ?"

ನನಗೆ ಇಬ್ಬರೂ ಸರಿ ಅನ್ನಿಸುತ್ತಿತ್ತು. ಮಾತಾಡುತ್ತಿದ್ದವರು ಯಾರೋ ಅವರು ಸರಿ. ಇಂಥ ಬುದ್ಧಿಯವಳಿಗೆ ವಕೀಲಳಾಗಬೇಕೆಂದು ಅನ್ನಿಸಿದ್ದೇ ಒಂದು ತಮಾಷೆ. ಆದರೆ ಅನ್ನಿಸಿತು. ಪಿಯುಸಿ ಆದ ಮೇಲೆ ಐದು ವರ್ಷದ ಲಾ ಓದಬಹುದು ಎಂದು ಗೊತ್ತಾದ ದಿನ ರಾತ್ರಿಯಿಡೀ ನನಗೆ ನಿದ್ದೆ ಹತ್ತಲಿಲ್ಲ.

ಅಪ್ಪನ ಪರಿಚಯ ಮಾಡಿಕೊಡುವುದು ತಡವಾಯಿತು. ಅಪ್ಪ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು, ಕಾರ್ಮಿಕ ಸಂಘದ ಕಮಿಟಿಯಲ್ಲೂ ಇದ್ದರು. ಸೆಕೆಂಡ್ ಶಿಫ್ಟ್ ಇದ್ದ ಶನಿವಾರಗಳಲ್ಲಿ ಅವರೂ ಮಹಡಿ ಹತ್ತಿ ಬಂದು ಮೇಷ್ಟ್ರ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೇಷ್ಟ್ರು ನಿಂತುಕೊಂಡು ವಾದಿಸುತ್ತಿದ್ದರು. ಸಿನಿಮಾದವರು ಶ್ರೀಮಂತರ ತೆರಿಗೆ ಇಳಿಸಿದ್ದನ್ನು ಮೇಷ್ಟ್ರು ಹೊಗಳಿ, ಮೇಲಿನವರಿಗೆ ತುಂಬಿದರೆ ಕೆಳಗಿನವರಿಗೆ ತಾನಾಗಿ ಇಳಿದುಬರುತ್ತದೆ ಎಂದಾಗ ಅಪ್ಪ ಬಾಯಿ ಬಿಟ್ಟರು: "ನಮ್ ಮನೆ ಓನರ್ ಮಹಡಿ ಮೇಲೆ ತೊಟ್ಟಿ ಇಟ್ಟವ್ರೆ ಮೇಷ್ಟ್ರೇ. ಅದು ದಿನಾ ತುಂಬ್ತದೆ. ನಮ್ ನಲ್ಲೀಲಿ ನೀರು ಬರೋದು ಅವ್ರು ವಾಲ್ವ್ ತಿರುಗಿಸಿದಾಗ ಮಾತ್ರ." ಅಮೆರಿಕದ ಅರ್ಥನೀತಿಯ ಮೇಲೆ ಅದಕ್ಕಿಂತ ಚಿಕ್ಕ ಟೀಕೆಯನ್ನು ನಾನು ಇನ್ನೂ ಕೇಳಿಲ್ಲ.

ಅಪ್ಪನ ಬಾಯಲ್ಲಿ ಯಾವಾಗಲೂ ಇದ್ದ ಇನ್ನೊಂದು ಮಾತು, "ಬಾಯ್ಮಾತು ಬೇಡ, ಬರ್ದು ಕೊಡಿ." ಆಡಳಿತದವರಿಗೆ ಹೇಳಿ ಹೇಳಿ ಅಭ್ಯಾಸವಾಗಿ, ಹಾಲಿನವನಿಗೂ ಹಾಗೇ ಹೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಟೈಪಿಂಗ್ ಕಲಿತು ಮದುವೆಯಾಗಲಿ, ಓದು ಸಾಕು ಎಂದು ಅವರು ಹೇಳಿದಾಗ ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅವರು, "ಆಯ್ತು, ಓದು" ಎಂದರು. ನಾನು ಅವರದೇ ಮಗಳಲ್ಲವೇ? ಬರೆದುಕೊಡಿ ಎಂದೆ. ಬರೆದುಕೊಟ್ಟರು. ನಾನು ಟೈಪಿಂಗನ್ನೂ ಕಲಿಯಬೇಕು, ಅದಕ್ಕೆ ಪ್ರತಿಯಾಗಿ "ಮಗಳ ಓದು ಮುಗಿಯುವವರೆಗೂ ಈ ಮನೆಯಲ್ಲಿ ಅವಳ ಮದುವೆಯ ಮಾತೆತ್ತುವುದಿಲ್ಲ." ಕೆಳಗೆ ಅಪ್ಪನ ಸಹಿ, ಅದರ ಪಕ್ಕದಲ್ಲಿ ನನ್ನದು. ಸಹಿ ಎಂದು ನಾನು ಹಾಕಿದ್ದು ಅದೇ ಮೊದಲು. ಆ ಕಾಗದವನ್ನು ಅಟ್ಲಾಸಿನೊಳಗೆ ಇಟ್ಟುಕೊಂಡೆ.

ಪಿಯುಸಿ ಮುಗಿಯಿತು. ಲಾ ಕಾಲೇಜಿನ ಅರ್ಜಿ ತಂದೆ. ಅದಕ್ಕೆ ತಂದೆಯ ಸಹಿ ಬೇಕಿತ್ತು, ಕೊನೆಯ ದಿನ ಸೋಮವಾರ. ಶುಕ್ರವಾರ ಸಂಜೆ ಅಮ್ಮ ಸೊಪ್ಪು ಬಿಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು: "ಭಾನುವಾರ ಬ್ಯಾಟರಾಯನಪುರದಿಂದ ನಿನ್ನ ನೋಡೋಕ್ ಬರ್ತಾರಂತೆ." ಅಪ್ಪನನ್ನು ಕೇಳಿದರೆ, "ಓದು ಮುಗೀತಲ್ಲ" ಎಂದರು. ಆಗ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತಿತ್ತು, ಒಂದಷ್ಟು ಜನರನ್ನು ಮನೆಗೆ ಕಳಿಸುತ್ತಾರೆಂಬ ಸುದ್ದಿಯೂ ಇತ್ತು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆರಳಿದೆ. ಅದನ್ನು ಮುಚ್ಚಿಡುವುದಿಲ್ಲ.

ಮಾರನೆಯ ದಿನ, ಶನಿವಾರ, ಕಾಗದವನ್ನು ತೆಗೆದುಕೊಂಡು ಹೋಗಿ ಮೇಷ್ಟ್ರು, ಸಾಹೇಬರು ಇಬ್ಬರ ಮುಂದೆಯೂ ಇಟ್ಟೆ. ಅಪ್ಪ ಟೀ ಹೊತ್ತಿಗೆ ಬಂದರು. ಕಾಗದ ನೋಡಿದರು, ನನ್ನನ್ನು ನೋಡಿದರು, ಕೂತರು.

"ಕೇಳಿ ಮೇಷ್ಟ್ರೇ," ಎಂದರು. "ಬರ್ದೋರ ಮನ್ಸಲ್ಲಿ ಏನಿತ್ತೋ ಅದೇ ಅರ್ಥ ಅಂತೀರಲ್ಲ. ಬರ್ದೋನು ಇಲ್ಲೇ ಕೂತಿದ್ದೀನಿ. ನನ್ ಮನ್ಸಲ್ಲಿ ಇದ್ದಿದ್ದು ಪಿಯುಸಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಎರಡು ವರ್ಷ ಅವರು ಕಟ್ಟಿದ ವಾದವೆಲ್ಲ ಅಪ್ಪನ ಕೈಗೆ ಹೋಗಿತ್ತು. ನಾನು ಸಾಹೇಬರ ಕಡೆ ನೋಡಿದೆ. ಅವರು ಬಾಯಿ ತೆರೆಯುವ ಮುಂಚೆಯೇ ಅಪ್ಪ ಆ ಕಡೆ ತಿರುಗಿದರು. "ಕಾಲಕ್ಕೆ ತಕ್ಕಂಗೆ ಓದ್ಬೇಕು ಅಂತೀರಿ ಸಾಬ್ರೇ. ಕಾಲ ಹೆಂಗದೆ ಗೊತ್ತಲ್ಲ? ನಾಳೆ ನಂಗೇ ಕೆಲ್ಸ ಇರ್ತದೋ ಇಲ್ವೋ. ಕೆಲ್ಸ ಇರೋವಾಗ್ಲೇ ಮಗಳ್ನ ಒಂದ್ ದಡ ಸೇರ್ಸೋದ್ ಬೇಡ್ವಾ?"

ಸಾಹೇಬರೂ ತಲೆ ತಗ್ಗಿಸಿದರು. ನನ್ನ ಇಬ್ಬರು ಗುರುಗಳು, ಎರಡು ಸಿದ್ಧಾಂತಗಳು, ಎರಡರಿಂದಲೂ ನನಗೆ ಸೋಲು. ಕೆಳಗೆ ರಾಗಿ ಬೀಸುತ್ತಿತ್ತು, ಕಾಲಡಿಯ ಹಲಗೆ ನಡುಗುತ್ತಿತ್ತು. ಆದರೂ ಹೇಳಿದೆ.

"ಬರ್ದೋರು ಒಬ್ರಲ್ಲ ಅಪ್ಪ, ಇಬ್ರು. ನನ್ ಸಹಿನೂ ಇದೆ. ನನ್ ಮನ್ಸಲ್ಲಿ ಏನಿತ್ತು ಅಂತ ಯಾರಾದ್ರೂ ಕೇಳಿದ್ರಾ?"

"ಏನಿತ್ತು?"

"ಮುಗೀತು ಅಂತ ನಾನ್ ಹೇಳ್ದಾಗ ಮುಗಿಯೋದು."

ಆಮೇಲೆ ಅಪ್ಪ, ಸಂಘದ ಮನುಷ್ಯ, ಸರಿಯಾದ ದಾರಿಯನ್ನೇ ಹಿಡಿದರು. "ಹಂಗಾದ್ರೆ ತಿದ್ದುಪಡಿ ಮಾಡೋಣ. ಮೇಷ್ಟ್ರೇ ರಾಜಮಾರ್ಗ ಅಂದವ್ರೆ. ನಾನ್ ಹೇಳ್ತೀನಿ, ನೀನ್ ಹೊಡಿ."

ಕನ್ನಡದ ಮಿಷನ್ನಿಗೆ ಹಾಳೆ ಏರಿಸಿದೆ. ಓದು ಎಂದರೆ ಪಿಯುಸಿ ಎಂದು ತಿಳಿಯತಕ್ಕದ್ದು, ಅಂತ ಅಪ್ಪ ಹೇಳಿದರು. ಹೇಳಿದ್ದನ್ನು ಹೇಳಿದಂತೆ ಹೊಡೆದೆ. ಮೇಷ್ಟ್ರು ಹಾಳೆ ತೆಗೆದುಕೊಂಡು ಅಭ್ಯಾಸಬಲದಿಂದ ಕೆಂಪು ಪೆನ್ಸಿಲ್ ಓಡಿಸಿ ನೋಡಿದರು. "ಒಂದೂ ತಪ್ಪಿಲ್ಲ" ಎಂದರು. ಅವರ ದನಿ ಒಡೆದಿತ್ತು. ಅಪ್ಪ ಸಹಿ ಹಾಕಿ ಪೆನ್ನನ್ನು ನನ್ನ ಕಡೆ ನೂಕಿದರು.

"ನಾನ್ ಹಾಕಲ್ಲ" ಎಂದೆ.

"ಹಾಕಮ್ಮ."

"ಇಲ್ಲ ಅಪ್ಪ. ಹಾಕಲ್ಲ."

ಖಲೀಲ್ ಸಾಹೇಬರು ಮೆಲ್ಲಗೆ, "ಬೇಟಿ ಹಾಕ್ದೇ ಇದ್ರೆ ಹಳೇದೇ ನಿಲ್ತದೆ, ಅಣ್ಣಾ" ಎಂದರು. ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಟೀ ಮುಟ್ಟದೆ ಮೆಟ್ಟಿಲಿಳಿದು ಹೋದರು.

ಭಾನುವಾರ ಬೆಳಿಗ್ಗೆ ಅಮ್ಮ ಸಜ್ಜಿಗೆಗೆ ರವೆ ಹುರಿಯುತ್ತಿದ್ದಳು. ನಾನು ಸೀರೆ ಉಡದೆ ಹಟ ಹಿಡಿದು ಕೂತಿದ್ದೆ. ಅಪ್ಪ ಶರಟು ಹಾಕಿಕೊಂಡು ಯಾರಿಗೂ ಹೇಳದೆ ಹೊರಟರು. ಹತ್ತೂವರೆಗೆ ವಾಪಸ್ ಬಂದು ಅಮ್ಮನಿಗೆ, "ಬರಲ್ಲ ಅವ್ರು. ಬೇಡ ಅಂತ ಹೇಳ್ಬಂದೆ" ಎಂದರು. ಸೋಮವಾರ ಎದ್ದು ನೋಡಿದರೆ ಗೂಡಿನಲ್ಲಿ ನನ್ನ ಅರ್ಜಿ ಇತ್ತು, ಸಹಿ ಆಗಿತ್ತು. ಅದಾದ ಹದಿನೈದು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಯಾಕೆ ಹೋದಿರಿ ಎಂದು ಕೇಳಲು ನನಗೂ ಬಾಯಿ ಬರಲಿಲ್ಲ. ಆಮೇಲೆ ಓದು, ಕೋರ್ಟು, ಸಂಸಾರ. ಕೇಳದೇ ವರ್ಷಗಳು ಹೋದವು.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆಂದರೆ ಜೂನಿಯರ್‌ಗಳಿಗೆ ಬಾಯಿಪಾಠವಾಗಿದೆ. ನನ್ನ ಮೊದಲ ಕೇಸು, ಎದುರು ಪಕ್ಷ ಸ್ವಂತ ತಂದೆ, ಹೀಗೆ ಗೆದ್ದೆ, ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಡಬ್ಬಿ ಮುಚ್ಚಿ ಹೊರಗೆ ಬಂದೆ. ಅಪ್ಪನಿಗೆ ಈಗ ಎಂಬತ್ತೆಂಟು. ಅಮೃತಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ ಕೂತು, ಇದ್ದಕ್ಕಿದ್ದಂತೆ ಕೇಳಿದೆ.

"ಅಪ್ಪ, ಆ ಕಾಗದ ಬರೆಯೋವಾಗ ನಿಜವಾಗ್ಲೂ ನಿಮ್ ಮನ್ಸಲ್ಲಿ ಪಿಯುಸಿ ಅಂತಾನೇ ಇತ್ತಾ?"

ಯಾವ ಕಾಗದ ಎಂದು ಅವರು ಕೇಳಲಿಲ್ಲ. "ಪಿಯುಸಿನೂ ಇರ್ಲಿಲ್ಲ, ಏನೂ ಇರ್ಲಿಲ್ಲ ಕಣಮ್ಮ," ಎಂದು ನಕ್ಕರು. "ಎರಡ್ ದಿನ ಊಟ ಬಿಟ್ಟಿದ್ದೆ ನೀನು. ಏನೋ ಒಂದ್ ಬರ್ದುಕೊಟ್ರೆ ಉಣ್ತೀಯಾ ಅಂತ ಬರ್ದೆ."

ಮೇಷ್ಟ್ರು ಇದ್ದಿದ್ದರೆ ಈ ಮಾತು ಕೇಳಿ ಎದೆ ಹಿಡಿದುಕೊಳ್ಳುತ್ತಿದ್ದರು. ನನಗೂ ನಗು ಬಂತು. "ಮತ್ತೆ ಬ್ಯಾಟರಾಯನಪುರಕ್ಕೆ ಹೋಗಿ ಯಾಕೆ ಬೇಡ ಅಂದ್ರಿ? ನನ್ ವಾದ ಸರಿ ಅನ್ನಿಸ್ತಾ?"

ಅಪ್ಪ ಭೂತಗನ್ನಡಿಯನ್ನು ಪೇಪರಿನ ಮೇಲಿಟ್ಟರು. ನಗು ಹೋಗಿತ್ತು.

"ವಾದ ಅಲ್ಲ. ನೀನು ಪೆನ್ನು ಮುಟ್ಟಲಿಲ್ಲ ನೋಡು, ಅದು. ಅದಕ್ಕೆ ಮುಂಚೆ, ಆ ತಿಂಗಳೇ, ಆಡಳಿತದೋರು ಕರೆಸಿ ನಮ್ ಕಮಿಟಿ ಮುಂದೆ ಒಂದ್ ಒಪ್ಪಂದ ಇಟ್ರು. ನಮ್ ಲೇತ್ ಸೆಕ್ಷನ್ನಿನ ಹನ್ನೊಂದ್ ಜನ ಮನೆಗ್ ಹೋಗ್ಬೇಕು, ಉಳಿದೋರ್ ಉಳೀತಾರೆ ಅಂತ. ಪೆನ್ನನ್ನ ನನ್ ಕಡೆ ನೂಕಿದ್ರು. ನಾನ್ ಹಾಕ್ಬಿಟ್ಟೆ ಕಣಮ್ಮ."

ಅವರ ಕೈ ಹಿಡಿದುಕೊಂಡು ಕೂತೆ. ಅವರು, "ಹನ್ನೊಂದೂ ಜನರ ಹೆಸರು ನಂಗೆ ನೆನಪಿದೆ" ಎಂದರು. ಹೇಳಿ ಅಪ್ಪ ಎಂದೆ. ಒಂದೊಂದಾಗಿ ಹೇಳತೊಡಗಿದರು.