ಚೀನಿ ಬೀರುವಿನ ಮೇಲೆ ಅವ್ವನ ಹೆಸರು

ಇವತ್ತು ಪಕ್ಕದ ಮನೆಯ ಬಾಗಿಲಿಗೆ ಅರಗಿನ ಪಾಲಿಶ್ ಹಚ್ಚುತ್ತಿದ್ದರು. ಆ ವಾಸನೆಗೆ ನಾನು ಮನಸ್ಸಿನಲ್ಲೇ ರಾಯಚೂರಿನ ಒಬ್ಬ ವಕೀಲರ ದಿವಾನಖಾನೆಗೆ ಹೋಗಿಬಿಟ್ಟೆ.

ಆಗ ನಿಜಾಮರ ಕಾಲ. ದೊಡ್ಡವರ ಮನೆಗಳಲ್ಲಿ ಚೀನಾ ದೇಶದ ಸಾಮಾನಿನ ಹುಚ್ಚು. ವಕೀಲರು ಹೈದರಾಬಾದಿನಿಂದ ಕನ್ನಡಿಯಂಗೆ ಹೊಳೆಯುವ ಕರಿ ಬೀರು ತರಿಸಿದ್ದರು. ಮೈತುಂಬ ಬಂಗಾರದ ಕೊಕ್ಕರೆ, ಕಮಾನು ಸೇತುವೆ. ದಾರಿಯಲ್ಲಿ ಒಂದು ಬಾಗಿಲಿನ ಬಣ್ಣ ಪೂರಾ ಕಿತ್ತುಹೋಗಿತ್ತು. ಮಾನ್ವಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುತ್ತಿದ್ದ ನಮ್ಮವ್ವ ಗಂಗವ್ವನನ್ನು ಕರೆಸಿದರು; ಸಣ್ಣ ವಯಸ್ಸಿನ ನಾನೂ ಜೊತೆಗೆ ಹೋದೆ. ಅವ್ವ ತಿಂಗಳುಗಟ್ಟಲೆ ಕೂತು ಅರಗು ಹಚ್ಚಿ, ತಿಕ್ಕಿ, ಹೊಸದಾಗಿ ಕೊಕ್ಕರೆ ಬರೆದಳು.

ಕೆಲಸ ಮುಗಿದ ದಿನ ವಕೀಲರು ಅತಿಥಿಗಳಿಗೆ, "ಕಲ್ಕತ್ತಾದಿಂದ ಚೀನಿ ಕಾರೀಗರನ್ನ ಕರೆಸಿದ್ದೆ" ಅಂದರು.

ಬಾಗಿಲ ಹತ್ತಿರ ನಿಂತಿದ್ದ ಅವ್ವ, "ಅದು ನಾ ಬರದದ್ದು ರೀ" ಅಂದಳು.

"ಸುಮ್ನ ಹಿಂದಕ್ಕ ಹೋಗು" ಅಂದರು ವಕೀಲರು.

ಅವ್ವ ಮುಂದೆ ಬಂದಳು. ಅರಗಿನ ಬಣ್ಣದಲ್ಲಿ ಕುಂಚ ಅದ್ದಿ ಕೊಕ್ಕರೆಯ ಕಾಲಿಗೆ ಹತ್ತಿಸಿ ತನ್ನ ಹೆಸರು ಬರೆದಳು. "ಈಗ ಅಳಸ್ರಿ. ತಿಕ್ಕಿದ್ರ ಹೆಸರಿನ ಜೋಡಿ ಕೊಕ್ಕರಿನೂ ಹೋಗ್ತದ."

ಹೆಸರು ಹಾಗೇ ಉಳಿಯಿತು. ಆಮೇಲೆ ದೊಡ್ಡ ಮನೆಯವರು ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ. ಹಂಗ ಮಾಡಬಾರದಿತ್ತು ಅಂತ ಅವ್ವ ಒಂದು ದಿನವೂ ಅನ್ನಲಿಲ್ಲ.

ಆ ಬೀರು ಈಗ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಇಟ್ಟುಕೊಂಡವರು ಅದನ್ನ ಪೂರಾ ಚೀನಾದ್ದು ಅನ್ನಬ್ಯಾಡ್ರಿ. ಒಂದು ಬಾಗಿಲು ನಮ್ಮವ್ವಂದು.