ಹೊಲ ಹೋಯಿತೆಂದರೂ ಬೈಯದ ಮನುಷ್ಯ

ತಾಳವಾಡಿಯ ಆಸ್ಪತ್ರೆಯಲ್ಲಿ ನನ್ನ ಕೈಗೆ ಬಂದ ಮೊದಲ ರೋಗಿ ಕಾಲಿನ ಮೂಳೆ ಮುರಿದುಕೊಂಡಿದ್ದ ಒಬ್ಬ ಹೆಂಗಸು. ಪಾದ ಒಂದು ದಿಕ್ಕಿಗಿತ್ತು, ಮೊಣಕಾಲು ಇನ್ನೊಂದು ದಿಕ್ಕಿಗಿತ್ತು. “ಎಷ್ಟು ನೋವಿದೆ?” ಎಂದು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ನಕ್ಕು, “ವಸಿ ಅದೆ ಕಣವ್ವ” ಎಂದಳು. ವಸಿ ಎಂದರೆ ಸ್ವಲ್ಪ.

ನಾನು ಗದಗದವಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹತ್ತಾರು ವರ್ಷ ನರ್ಸ್ ಆಗಿದ್ದವಳು. ನಮ್ಮ ಕಡೆ ನೋವಿಗೆ ಬಾಯಿ ಇದೆ. ಸೂಜಿ ಚುಚ್ಚುವ ಮೊದಲೇ “ಯವ್ವಾ, ಸತ್ನೆವ್ವಾ” ಎಂದು ಕೂಗುತ್ತಾರೆ, ಪಕ್ಕದ ಹಾಸಿಗೆಯವರು “ಪಾಪ” ಎನ್ನುತ್ತಾರೆ, ಅರ್ಧ ನೋವು ಅಲ್ಲೇ ಕಳೆಯುತ್ತದೆ. ಯಾರಿಗೆ ಎಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಕಿವಿ ತೆರೆದಿಟ್ಟುಕೊಂಡರೆ ಸಾಕಿತ್ತು. ಇಲ್ಲಿ ಕಿವಿ ಕೆಲಸಕ್ಕೆ ಬಾರದು ಎಂದು ಮೊದಲ ದಿನವೇ ಗೊತ್ತಾಯಿತು.

ಯಜಮಾನರಿಗೆ ತಾಳವಾಡಿಯ ಬ್ಯಾಂಕಿಗೆ ವರ್ಗವಾದಾಗ ನಕಾಶೆ ತೆಗೆದು ನೋಡಿದ್ದೆವು. ತಮಿಳುನಾಡಿನ ಈರೋಡು ಜಿಲ್ಲೆ, ಬೆಟ್ಟದ ಮೇಲೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಊರು. ತಮಿಳು ಕಲಿಯಬೇಕಲ್ಲ ಎಂದು ಹೆದರಿಕೊಂಡೇ ಬಸ್ಸಿನಿಂದ ಇಳಿದೆ. ಬೋರ್ಡುಗಳೆಲ್ಲ ತಮಿಳಿನವು, ಬಾಯಿಗಳೆಲ್ಲ ಕನ್ನಡದವು. ಆದರೆ ಆ ಕನ್ನಡ ನನ್ನದಲ್ಲ. ಹೊಲ ಇಲ್ಲಿ ‘ಒಲ’, ಹಳ್ಳಿ ‘ಅಳ್ಳಿ’. ತಾಲೂಕು ಕಚೇರಿಯ, ಸಂತೆಯ ಮಾತು ಬಂದರೆ ನಡುವೆ ತಮಿಳು ಸೇರಿಕೊಳ್ಳುತ್ತದೆ. ತಲೆಸುತ್ತು ಬಂದರೆ ‘ಮಯಕ್ಕ’ ಎನ್ನುತ್ತಾರೆ, ಅದು ತಮಿಳಿನಿಂದ ಬಂದದ್ದು. ನಾನು ‘ಚಕ್ಕರ್ ಬರ್ತದೇನು’ ಎಂದು ಕೇಳಿದರೆ ಪಾಪ, ನನ್ನ ಮುಖವನ್ನೇ ನೋಡುತ್ತಾರೆ.

ಬಾಡಿಗೆ ಮನೆ ಹಿಂದಿನ ಬೀದಿಯಲ್ಲಿ ಸಿಕ್ಕಿತು. ತಿಂಗಳಾಗುವಷ್ಟರಲ್ಲಿ ಮನೆಯೊಡತಿ ಗೌರಮ್ಮ ನನ್ನನ್ನು ಹಿತ್ತಿಲಿಗೆ ಕರೆದು, ಸ್ವರ ತಗ್ಗಿಸಿ, “ಗಂಡ ಎಡ್ತಿ ದಿನಾಲೂ ಜಗಳ ಆಡ್ತೀರಲ್ಲ, ಏನವ್ವ ತೊಂದ್ರೆ?” ಎಂದು ಕೇಳಿದರು. ನಾವು ಜಗಳವಾಡಿರಲಿಲ್ಲ, ಮಾತಾಡಿದ್ದೆವು ಅಷ್ಟೆ. ಜೋಳದ ಹಿಟ್ಟು ಕೇಳಿದರೆ ಅಂಗಡಿಯವರು ಮುಸುಕಿನ ಜೋಳದ್ದು ಕೊಟ್ಟರು, ರೊಟ್ಟಿ ತಟ್ಟಿದರೆ ಹರಿದು ಹಂಚಿಗೆ ಅಂಟಿತು. ಕೊನೆಗೆ ಗೌರಮ್ಮನೇ ಮುದ್ದೆ ತಿರುವುವುದನ್ನು ಕಲಿಸಿಕೊಟ್ಟರು. ಈಗ ಗಂಟಿಲ್ಲದೆ ತಿರುವುತ್ತೇನೆ. ನುಂಗಲು ಮಾತ್ರ ಇನ್ನೂ ಬಂದಿಲ್ಲ, ಕದ್ದು ಅಗಿಯುತ್ತೇನೆ.

ವಾರ್ಡಿನಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಇಪ್ಪತ್ತು ಹಾಸಿಗೆಯ ಸಣ್ಣ ಟ್ರಸ್ಟ್ ಆಸ್ಪತ್ರೆ. ಸ್ಕ್ಯಾನ್ ಇಲ್ಲ, ರಕ್ತ ಇಡುವ ವ್ಯವಸ್ಥೆ ಇಲ್ಲ. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ ತಿರುವುಗಳನ್ನು ಇಳಿಯಬೇಕು, ಇಲ್ಲವೆಂದರೆ ಗಡಿ ದಾಟಿ ಚಾಮರಾಜನಗರಕ್ಕೆ. ಹುಬ್ಬಳ್ಳಿಯಲ್ಲಿ ಅನುಮಾನ ಬಂದರೆ ಒಂದು ಗುಂಡಿ ಒತ್ತುತ್ತಿದ್ದೆ, ನಾಲ್ಕು ಜನ ಓಡಿ ಬರುತ್ತಿದ್ದರು. ಇಲ್ಲಿ ಅನುಮಾನ ಬಂದರೆ ಅದು ನನ್ನ ತಲೆಯಲ್ಲೇ ಕೂತಿರುತ್ತದೆ. ಕಳಿಸಬೇಕೋ ಕಾಯಬೇಕೋ ಎಂಬುದನ್ನು ಮೊದಲು ನೋಡಿದವರೇ ಹೇಳಬೇಕು, ಮೊದಲು ನೋಡುವವಳು ನಾನು.

ಬಂದ ಹೊಸದರಲ್ಲಿ ಒಬ್ಬ ಅಂಗಡಿಯವರು ಎದೆ ಹಿಡಿದುಕೊಂಡು ಬಂದರು. ಹೃದಯಾಘಾತವೆಂದೇ ಹೆದರಿ ಗಲಾಟೆ ಮಾಡಿ ಚಾಮರಾಜನಗರಕ್ಕೆ ಕಳಿಸಿದೆ. ಸಂಜೆ ಅವರು ಎರಡು ಗುಳಿಗೆ ತೆಗೆದುಕೊಂಡು ಬಸ್ಸಿನಲ್ಲೇ ವಾಪಸು ಬಂದರು. ಅಂದಿನಿಂದ ಟೀ ಅಂಗಡಿಯಲ್ಲಿ ನಾನು ‘ಗ್ಯಾಸ್ ನರ್ಸಮ್ಮ’. ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ಯಜಮಾನರೇ ಮನೆಗೆ ಬಂದು ನಗುತ್ತಾ ಹೇಳಿದರು. ನನಗೇನೂ ನಗು ಬರಲಿಲ್ಲ.

ಇಷ್ಟಾದ ಮೇಲೆ ಶಿವಮಲ್ಲಪ್ಪ ಬಂದರು. ತಿಗನಾರೆಯ ರೈತ, ನಲವತ್ತೈದರ ಆಸುಪಾಸು. ರಾಗಿ ತೆನೆ ಬಲಿತ ಹೊತ್ತು, ಆನೆ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆಯಿಂದ ಜಾರಿ ಎಡಪಕ್ಕಕ್ಕೆ ಬಿದ್ದಿದ್ದರು. ಅಂದೇ ಚಾಮರಾಜನಗರದಲ್ಲಿ ಸ್ಕ್ಯಾನ್ ಆಗಿ, ಹೊಟ್ಟೆಯೊಳಗೆ ಏನೂ ಆಗಿಲ್ಲ, ಪಕ್ಕೆಲುಬಿಗೆ ಪೆಟ್ಟು ಬಿದ್ದಿದೆ ಎಂದು ಬರೆದುಕೊಟ್ಟಿದ್ದರು. ಕೆಲವು ದಿನ ಕಣ್ಣಿಟ್ಟು ನೋಡಲಿ ಎಂದು ನಮ್ಮಲ್ಲಿ ಮಲಗಿಸಿದ್ದೆವು. ಅವರೂ ನೋವು ಎನ್ನುವವರಲ್ಲ. ಆದರೆ ಬೈಗುಳದಲ್ಲಿ ಸಿರಿವಂತರು. ಊರಿನಿಂದ ಯಾರೇ ಬರಲಿ, “ಆನೆ ಬಂದಿತ್ತೇನ್ಲಾ?” ಎಂದು ಕೇಳುವುದು, ಬಂದಿತ್ತೆಂದರೆ ಆನೆಯಿಂದ ಹಿಡಿದು ಅದನ್ನು ಓಡಿಸದ ಅಣ್ಣ, ಬೇಲಿ ಹಾಕಿಸದ ಇಲಾಖೆ, ಕಡೆಗೆ ಗಂಜಿ ಕೊಡುವ ನಮ್ಮ ಆಯಾವರೆಗೂ ಬೈಯುವುದು. ಬೈದಾಗ ಪಕ್ಕೆ ಹಿಡಿದುಕೊಳ್ಳುತ್ತಿದ್ದರು, ಮತ್ತೆ ಬೈಯುತ್ತಿದ್ದರು. ನನಗೆ ಅವರನ್ನು ಕಂಡರೆ ಖುಷಿ. ಇಡೀ ವಾರ್ಡಿನಲ್ಲಿ ನಮ್ಮ ಕಡೆಯವರ ಹಾಗೆ ಬಾಯಿದ್ದ ಒಬ್ಬರೇ ಒಬ್ಬರು.

ಮನೆಗೆ ಕಳಿಸುವ ದಿನ ಮಧ್ಯಾಹ್ನ ಅವರ ಅಣ್ಣ ನಂಜುಂಡಪ್ಪ ಗೂಡ್ಸ್ ಆಟೋ ತಂದು ನಿಲ್ಲಿಸಿದರು. ಹೆಂಡತಿ ಜಯಮ್ಮ ಬಟ್ಟೆ ಗಂಟು ಕಟ್ಟುತ್ತಿದ್ದರು. ಡಾಕ್ಟರ್ ತಮಿಳ್‌ಸೆಲ್ವಿ ಬೆಳಿಗ್ಗೆಯೇ ನೋಡಿ ಸಹಿ ಹಾಕಿದ್ದರು. ನಾನು ಶಿವಮಲ್ಲಪ್ಪನ ಕೈಯಿಂದ ಡ್ರಿಪ್ಪಿನ ಸೂಜಿ ತೆಗೆಯಲು ಹೋದೆ.

ನಂಜುಂಡಪ್ಪ ತಲೆ ಕೆರೆದುಕೊಳ್ಳುತ್ತಾ, ತಮ್ಮನ ಮುಖ ನೋಡದೆ, “ಲೋ, ರಾತ್ರ ನುಗ್ಗಿ ಬುಟ್ಟೊ ಕಣ್ಲಾ. ಮೂಡ್ಲ ಒಲ ಒಂದ್ ತೆನೆ ಉಳ್ದಿಲ್ಲ” ಎಂದರು. ಬೈಗುಳದ ಮಳೆಗೆ ತಲೆಯೊಡ್ಡಿ ನಿಂತರು.

ಶಿವಮಲ್ಲಪ್ಪ “ಊಂ” ಎಂದರು. ಆಮೇಲೆ, “ವಸಿ ನೀರ್ ಕೊಡಿ” ಎಂದರು.

ಜಯಮ್ಮ ಲೋಟ ಕೊಡುತ್ತಾ, “ಓಗ್ಲಿ ಬುಡಿ, ಮಾದಪ್ಪ ಜೀವ ಉಳ್ಸವ್ನೆ, ಅದೇ ಸಾಕು” ಎಂದು ಸಮಾಧಾನ ಮಾಡಿದರು. ನಂಜುಂಡಪ್ಪನ ಮುಖದಲ್ಲೂ ನಿರಾಳ. ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ಈ ಹೊಲಕ್ಕಾಗಿ ಮರದಿಂದ ಬಿದ್ದ ಮನುಷ್ಯ ಹೊಲ ಹೋಯಿತೆಂದರೆ ನೀರು ಕೇಳುತ್ತಾನೆಯೇ?

ಸೂಜಿಯನ್ನು ಹಾಗೇ ಬಿಟ್ಟೆ. ನಾಡಿ ಹಿಡಿದೆ. ಬೆಳಗಿನದಕ್ಕಿಂತ ಓಡುತ್ತಿತ್ತು, ನಿನ್ನೆಯದಕ್ಕಿಂತ ಬಹಳ ಓಡುತ್ತಿತ್ತು. ರಕ್ತದೊತ್ತಡ ಸರಿಯಾಗೇ ಇತ್ತು. ಅಂಗೈ ತಣ್ಣಗೆ, ಹಣೆಯ ಮೇಲೆ ತೆಳ್ಳಗೆ ಬೆವರು. “ಎಲ್ಲಿ ನೋವಿದೆ?” ಎಂದರೆ, “ಇಲ್ಲ ಕಣವ್ವ. ಈ ಎಡಗಡೆ ಎಗಲು ವಸಿ. ಮಲ್ಗಿ ಮಲ್ಗಿ ಇಡ್ಕಂಡದೆ” ಎಂದರು. ಬಿದ್ದದ್ದು ಪಕ್ಕೆಯ ಮೇಲೆ, ಹೆಗಲಿಗೆ ಪೆಟ್ಟೇ ಇಲ್ಲ. ಎಡಪಕ್ಕೆಯ ಕೆಳಗೆ ಗುಲ್ಮವಿರುತ್ತದೆ, ರಕ್ತ ತುಂಬಿದ ಮೆತ್ತನೆಯ ಅಂಗ. ಪೆಟ್ಟು ಬಿದ್ದ ದಿನ ಸುಮ್ಮನಿದ್ದು ಕೆಲವು ದಿನ ಕಳೆದು ಒಡೆಯುವುದೂ ಉಂಟು. ಒಳಗೆ ರಕ್ತ ಸೋರಿ ಮೇಲಿನ ಪೊರೆಗೆ ತಾಗಿದರೆ ನೋವು ಕಾಣಿಸುವುದು ಹೆಗಲಿನಲ್ಲಿ. ಪುಸ್ತಕದಲ್ಲಿ ಓದಿದ್ದೆ, ಹುಬ್ಬಳ್ಳಿಯಲ್ಲಿ ಒಮ್ಮೆ ಕಂಡಿದ್ದೆ. ಅದೇ ಎಂದು ಆಣೆ ಮಾಡಿ ಹೇಳುವಷ್ಟು ಧೈರ್ಯ ಇರಲಿಲ್ಲ. ಮಲಗಿ ಮಲಗಿಯೂ ಹೆಗಲು ಹಿಡಿಯುತ್ತದೆ, ನೋವಿಗೂ ನಾಡಿ ಓಡುತ್ತದೆ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಕತ್ತಲಾದರೆ ತಿಗನಾರೆಯ ದಾರಿಗೆ ಆನೆ ಇಳಿಯುತ್ತದೆ, ಅದಕ್ಕೇ ಅವರಿಗೆ ಅವಸರ. ನನ್ನ ಭಯವೂ ಅದೇ. ಊರು ಸೇರಿದ ಮೇಲೆ ಇವರು ಕುಸಿದರೆ ಬೆಳಗಾಗುವವರೆಗೆ ಒಂದು ಗಾಡಿ ಹೊರಡುವುದಿಲ್ಲ. ಅಷ್ಟು ಹೊತ್ತು ಇವರು ಉಳಿಯುವುದಿಲ್ಲ.

ಡಾಕ್ಟರ್ ಹೊರರೋಗಿಗಳ ನಡುವಿನಿಂದ ಎದ್ದು ಬಂದರು. ಚಿಕ್ಕ ವಯಸ್ಸು, ತಾಳ್ಮೆಯ ಹುಡುಗಿ. “ಸ್ಕ್ಯಾನ್ ಕ್ಲೀನ್ ಇದೆ, ಬಿಪಿ ನಾರ್ಮಲ್ ಇದೆ. ನಿಮಗೆ ಖಾತ್ರಿಯಾ ಸಿಸ್ಟರ್?” ಎಂದು ಕೇಳಿದರು.

“ಖಾತ್ರಿ ಇಲ್ಲ ಮೇಡಂ. ಭಯ ಇದೆ.”

ಅವರು ಹೊಟ್ಟೆ ಮುಟ್ಟಿ ನೋಡಿ, “ನಿಧಾನಕ್ಕೆ ಎದ್ದು ಕೂತ್ಕೊಳ್ಳಿ ಅಣ್ಣ” ಎಂದರು. ಶಿವಮಲ್ಲಪ್ಪ ಎದ್ದು ಕೂತರು, ತುಟಿ ಬಿಳಚಿತು, “ಮಯಕ್ಕ…” ಎನ್ನುತ್ತಾ ನನ್ನ ತೋಳಿನ ಮೇಲೆ ಒರಗಿದರು. ಡಾಕ್ಟರ್ ಅವರನ್ನು ಮಲಗಿಸಿ, ಆಂಬುಲೆನ್ಸ್ ಡ್ರೈವರನ್ನು ಕೂಗಿದರು. “ಘಟ್ಟ ಬೇಡ. ಚಾಮರಾಜನಗರ. ಸರ್ಜನ್‌ಗೆ ನಾನು ಫೋನ್ ಮಾಡ್ತೀನಿ, ನೀವು ಜೊತೆಗೆ ಹೋಗಿ.”

ನಂಜುಂಡಪ್ಪ ಬಾಗಿಲಿಗೆ ಅಡ್ಡ ನಿಂತರು. ಒರಟಾಗಿಯೇನಲ್ಲ, ಮೆತ್ತಗೆ. “ಮೂರ್ ದಿನ್ದಿಂದ ಮಲ್ಗವ್ನೆ, ಎದ್ರೆ ತಲೆ ತಿರುಗ್ದೆ ಇದ್ದದಾ ನರ್ಸಮ್ಮ? ಅವತ್ತು ಅಂಗ್ಡಿಯವ್ರ್ನೂ ನೀವು ಇಂಗೇ ಕಳಿಸ್ಲಿಲ್ವಾ? ಮನೇಲಿ ಒಂದಿನ ಇದ್ರೆ ಸರೋಯ್ತದೆ.” ಜಯಮ್ಮ ಗಂಟನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದರು. ಭಾವನ ಎದುರು ಮಾತಾಡುವ ರೂಢಿ ಅವರಿಗಿಲ್ಲ.

ಗುಲ್ಮ, ಪೊರೆ, ರಕ್ತ ಎಂದು ತಗ್ಗಿದ ದನಿಯಲ್ಲಿ ವಿವರಿಸಲು ಹೊರಟೆ. ಇಲ್ಲಿಗೆ ಬಂದು ಕಲಿತದ್ದೇ ದನಿ ತಗ್ಗಿಸುವುದನ್ನು. ಯಾರಿಗೂ ತಲೆಗೆ ಹೋಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಗದಗ ಬಾಯಿಗೆ ಬಂತು. “ಯಕ್ಕಾ, ನಿನ್ ಗಂಡನ್ನ ನಿನಗಿಂತ ನಾ ಬಲ್ಲೇನೇನು? ಹೊಲ ಎಲ್ಲಾ ಆನಿ ತಿಂದು ಹೋದ್ವು ಅಂದ್ರ ಒಂದ್ ಮಾತ್ ಬೈಲಿಲ್ಲಲ್ಲ ಅಂವಾ! ಇದು ನಿನಗ ಚಲೋ ಅನಸ್ತದೇನು?”

ಅಕ್ಕಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತರು. ಜಯಮ್ಮ ತಲೆಯೆತ್ತಿದರು. ನನ್ನ ಕನ್ನಡ ಎಷ್ಟು ತಿಳಿಯಿತೋ ಏನೋ, ಗಂಡನ ಕಡೆ ತಿರುಗಿ ನೋಡಿದರು. ಅವರ ಮುಖ ಬದಲಾದದ್ದು ನನಗೆ ಕಾಣಿಸಿತು.

“ಬಯ್ನಿಲ್ಲ,” ಎಂದರು. ಆಮೇಲೆ ಭಾವನ ಎದುರಿಗೇ, ಗಟ್ಟಿಯಾಗಿ, “ಇವ್ರು ಬಯ್ನಿಲ್ಲ ಕಣ್ ಭಾವ. ನರ್ಸಮ್ಮ ಏಳೋದು ಸರಿ. ಗಾಡಿ ಅತ್ಸಿ” ಎಂದರು. ನಂಜುಂಡಪ್ಪ ಸ್ಟ್ರೆಚರಿನ ಒಂದು ತುದಿ ಹಿಡಿದುಕೊಂಡರು.

ಗಾಡಿ ಹೊರಟಿತು. ನನ್ನ ಬೆರಳ ತುದಿಯಲ್ಲಿ ನಾಡಿ ತೆಳ್ಳಗಾಗುತ್ತಾ ಬಂತು. ಈಗ ರಕ್ತದೊತ್ತಡವೂ ಇಳಿಯತೊಡಗಿತ್ತು. ನನ್ನ ಅನುಮಾನ ನಿಜವಾಗುತ್ತಿತ್ತು, ಸುಳ್ಳಾಗಲಿ ಎಂದು ಬೇಡಿಕೊಂಡೆ. ಇನ್ನೊಂದು ಸಲ ಗ್ಯಾಸ್ ಎಂದು ನಗಲಿ, ಇಡೀ ತಾಲೂಕು ನಗಲಿ. “ಮಾತಾಡಿಸ್ತಾ ಇರಿ ಜಯಮ್ಮ, ಕಣ್ಣು ಮುಚ್ಚೋಕೆ ಬಿಡಬೇಡಿ” ಎಂದೆ. ಜಯಮ್ಮ ಗಂಡನ ಕೆನ್ನೆ ತಟ್ಟುತ್ತಾ, “ಏನೂಂದ್ರೆ, ಆನೆ ಮನೆಗಂಟ ಬಂದವೆ, ನಿಮ್ಮಣ್ಣ ನೋಡ್ಕಂಡು ಸುಮ್ನೆ ಅವ್ರೆ, ಬಯ್ರಿ, ಬಯ್ರಿ” ಎನ್ನುತ್ತಿದ್ದರು. ಶಿವಮಲ್ಲಪ್ಪನ ತುಟಿ ಅಲ್ಲಾಡುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ. ಕಿಟಕಿಯಾಚೆ ಗಡಿ ದಾಟಿತು, ಬೋರ್ಡುಗಳು ಕನ್ನಡಕ್ಕೆ ತಿರುಗಿದವು. ಪ್ರತಿ ಸಲ ಆ ಬೋರ್ಡು ಕಂಡಾಗ ನನ್ನೂರಿನ ವಾಸನೆ ಬಂದಂತೆ ಹಿಗ್ಗುತ್ತಿದ್ದೆ. ಅಂದು ಅವು ನನಗೆ ಬರೀ ಮೈಲಿಗಲ್ಲುಗಳಾಗಿದ್ದವು.

ಚಾಮರಾಜನಗರದಲ್ಲಿ ಸರ್ಜನ್ ಕಾದಿದ್ದರು. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದವರೇ ಸ್ಟ್ರೆಚರನ್ನು ನೇರ ಒಳಗೆ ತಳ್ಳಿಸಿದರು. ಬಾಗಿಲು ಮುಚ್ಚಿತು. ಇಷ್ಟು ವರ್ಷ ನಾನು ಆ ಬಾಗಿಲಿನ ಒಳಗಿದ್ದವಳು. ಹೊರಗೆ ಕೂತು ಕಾಯುವುದೆಂದರೆ ಏನೆಂದು ಅಂದು ತಿಳಿಯಿತು. ಜಯಮ್ಮ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಕೊನೆಗೆ ಸರ್ಜನ್ ಹೊರಬಂದರು. ಗುಲ್ಮ ಒಡೆದಿತ್ತು, ತೆಗೆದಿದ್ದಾರೆ, ರಕ್ತ ಕೊಟ್ಟಿದ್ದಾರೆ. “ಉಳ್ಕೊಂಡ್ರು” ಎಂದರು. ಜಯಮ್ಮ ಅಲ್ಲೇ ನೆಲಕ್ಕೆ ಹಣೆ ಹಚ್ಚಿದರು.

ಸ್ವಲ್ಪ ಹೊತ್ತಿಗೆ ಐಸಿಯು ಬಾಗಿಲಲ್ಲಿ ಎಳೆಯ ವಯಸ್ಸಿನ ನರ್ಸ್ ಒಬ್ಬಳು ತಲೆ ಹಾಕಿದಳು. “ಒಬ್ಬರನ್ನಷ್ಟ ಒಳಗ ಬಿಡ್ತೀವ್ರಿ.” ನನ್ನ ಕಿವಿ ನೆಟ್ಟಗಾಯಿತು. “ಯಾವೂರವ್ವಾ ನಿಂದು?” ಎಂದೆ. ರೋಣದವಳಂತೆ. ಗದಗದಿಂದ ಒಂದು ಬಸ್ಸಿನ ದಾರಿ. ಅಷ್ಟು ದಿನಗಳ ಮೇಲೆ ಆ ಮಾತು ಕೇಳಿ, ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅವಳೂ ಮುಖ ಅರಳಿಸಿದಳು. “ನೀವು ನಮ್ಮ ಕಡೆಯವ್ರ! ಮತ್ತ ಪೇಷಂಟಿಗೆ ಏನಾಗಬೇಕ್ರಿ ಅಕ್ಕಾರ?”

ನಾನೂ ನರ್ಸು ಎಂದಿದ್ದರೆ ಒಳಗೆ ಬಿಡುತ್ತಿದ್ದಳು. ಆದರೆ ಬಾಯಿಂದ ಬಂದದ್ದು ಬೇರೆ, ಅದೂ ತಾಳವಾಡಿಯ ಮಾತಿನಲ್ಲಿ. “ನಮ್ಮೋರು ಕಣವ್ವ. ಎಡ್ತಿ ಇವ್ರು, ಇವ್ರನ್ನ ಬುಡು.”

ಹುಡುಗಿ ಕಣ್ಣರಳಿಸಿ ನನ್ನನ್ನೇ ನೋಡಿದಳು. “ಗದಗದಾಕಿ ಅಲ್ಲೇನ್ರಿ ನೀವು?”

“ಗದಗದಾಕಿನ” ಎಂದೆ. ಅವಳು ಅರ್ಥವಾಗದೆ ನಕ್ಕು, ಜಯಮ್ಮನನ್ನು ಒಳಗೆ ಕರೆದುಕೊಂಡು, ನನ್ನ ಮುಖದ ಎದುರೇ ಬಾಗಿಲು ಹಾಕಿದಳು. ಹೊರಗಿನ ಬೆಂಚಿನ ಮೇಲೆ, ಬಟ್ಟೆ ಗಂಟಿನ ಪಕ್ಕ ಕುಳಿತೆ. ಆಗ ಅಳು ಬಂತು.