ತಮ್ಮ ಹೊಸ್ತಿಲಿನ ರಂಗೋಲಿಯ ವಿಷಯವಾಗಿ

ಮಾನ್ಯ ಲಕ್ಷ್ಮಕ್ಕನವರ ಸನ್ನಿಧಿಗೆ, ಎದುರು ಓಣಿಯ ಶಾರದಮ್ಮ ಮಾಡಿಕೊಳ್ಳುವ ನಿವೇದನೆ.

ಮೊದಲಿಗೆ ನನ್ನ ಕೈಬರಹ ಹಾಗೂ ಕಾಗುಣಿತದ ದೋಷಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ. ಕಚೇರಿಯ ಕಾಗದಗಳನ್ನು ಓದಿ ಬಲ್ಲೆನೇ ಹೊರತು ಹೀಗೆ ಯಾರಿಗೂ ಬರೆದವಳಲ್ಲ. ಸುತ್ತಿ ಬಳಸಿದರೆ ಧೈರ್ಯ ಹೋದೀತು. ಆದಕಾರಣ ಮೊದಲೇ ಹೇಳಿಬಿಡುತ್ತೇನೆ — ತಮ್ಮ ಓಣಿಗೆ ನಲ್ಲಿ ಬಾರದಂತೆ ಮಾಡಿದವರು ಅಧಿಕಾರಿಗಳಲ್ಲ. ನಾನು.

ತಮಗೆ ತಿಳಿದಿರುವಂತೆ, ಪ್ರತಿ ಬೇಸಿಗೆಯಲ್ಲಿ ತಮ್ಮ ಓಣಿಯವರೆಲ್ಲ ಕುರಿ ಹೊಡೆದುಕೊಂಡು ಕಣೇಕಲ್ಲಿನ ಕಾಲುವೆ ಗದ್ದೆಗಳಿಗೆ ಹೋಗುತ್ತಿದ್ದಿರಿ. ಗೊಬ್ಬರಕ್ಕೆಂದು ರಾತ್ರಿ ಗದ್ದೆಯಲ್ಲಿ ಕುರಿ ತರುಬಿ ನಿಲ್ಲಿಸಿ, ಅದಕ್ಕೆ ಭತ್ತ ಪಡೆದು, ಮಳೆ ಬಿದ್ದ ಮೇಲೆ ಮರಳುವುದು ರೂಢಿ. ಹೊರಡುವಾಗ ಕೀಲಿ ನನ್ನ ಕೈಗಿಟ್ಟು ತಾವು ಹೇಳುತ್ತಿದ್ದ ಮಾತು ಒಂದೇ: "ಹೊಸ್ತಲ ಸಾರಿಸಿ ಒಂದೆಳಿ ರಂಗೋಲಿ ಎಳಿಯವಾ ತಂಗಿ. ಮಂದಿ ಅದಾರ ಅಂತ ಕಾಣ್ಬೇಕು."

ಎಳೆಯುತ್ತಿದ್ದೆ. ಅದರಲ್ಲಿ ಎಂದೂ ಲೋಪ ಮಾಡಿದವಳಲ್ಲ.

ನಲ್ಲಿ ಪೈಪಿನ ಅಳತೆಗೆಂದು ರಾಯದುರ್ಗದಿಂದ ಬಂದವರು ತಮ್ಮ ಓಣಿಯ ಬಾಯಲ್ಲಿ ನಿಂತಾಗ ಎಲ್ಲ ಬಾಗಿಲಿಗೂ ಬೀಗವಿತ್ತು. ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ತೆಲುಗಿನಲ್ಲಿ ಕೇಳಿದರು. ಎರಡು ಓಣಿಗೆ ಹಂಚಿದರೆ ನಮ್ಮ ನಲ್ಲಿಯ ನೀರು ದಾರದಷ್ಟು ಸಣ್ಣಗಾಗುತ್ತದೆ ಎಂದು ಹಿಂದಿನ ದಿನವಷ್ಟೇ ಕಟ್ಟೆಯ ಮೇಲೆ ಮಾತಾಗಿತ್ತು. "ಎವರೂ ಲೇರು ಸಾರ್" ಎಂದೆ. ಯಾರೂ ಇಲ್ಲ.

ಅವರು ಹೊರಡಲಿಲ್ಲ. ತಮ್ಮ ಹೊಸ್ತಿಲು ತೋರಿಸಿ, ಹಾಗಾದರೆ ಈ ರಂಗೋಲಿ ಯಾರದು ಎಂದರು. ಆಗಲಾದರೂ ನಾನು —

"ಹಾಳುಮನಿ ಸಾರ್. ದೆವ್ವ ಸೇರಬಾರ್ದು ಅಂತ ನಾನೇ ಹಾಕ್ತೀನಿ" ಎಂದೆ.

ಅವರು ನಕ್ಕು ಟೇಪು ಸುತ್ತಿಕೊಂಡರು.

ಮಳೆಗೆ ಮರಳಿದ ತಾವು ಮೊದಲು ನನ್ನ ಮನೆಗೆ ಭತ್ತ ತಂದಿರಿ. ನಲ್ಲಿ ನೋಡಿ ಹಿಗ್ಗಿದಿರಿ. "ನಿಮಗ ಬಂತಲ್ಲ, ನಮಗೂ ಬರ್ತದ ಬಿಡು. ಅಲ್ಲೀತನ ನಿನ್ನ ನಲ್ಲಿಗೆ ನಾನೊಬ್ಬಾಕಿ ಸವತಿ!" ಎಂದು ನಗಿಸಿದಿರಿ. ನಾನು ನನ್ನ ಡ್ರಮ್ಮುಗಳು ತುಂಬುವವರೆಗೂ ತಮ್ಮ ಕೊಡವನ್ನು ಕಾಯಿಸಿದೆ — ಅದನ್ನೂ ಇಲ್ಲಿ ನಮೂದಿಸಬೇಕು. ಒಂದು ದಿನ ತಮ್ಮ ಸೊಸೆ ಖಾಲಿ ಕೊಡವನ್ನು ಕುಕ್ಕಿ, "ಕಾಲುವಿ ಬಿಟ್ಟು ಬಂದು ಇವರ ಬಾಗಲಾಗ ಯಾಕ ನಿಂದ್ರಬೇಕು ಅತ್ತಿ?" ಎಂದಳು. ಮುಂದಿನ ಬೇಸಿಗೆಗೆ ಹೋದವರು ಕಾಲುವೆ ದಡದಲ್ಲೇ ತಗಡಿನ ಶೆಡ್ ಹಾಕಿಕೊಂಡಿರಿ. ಓಣಿಯ ಉಳಿದವರೂ ಹಿಂದೆಯೇ ಹೋದರು.

ಮಕ್ಕಳು ಸಾಲದೆಂದು ನಮ್ಮ ಶಾಲೆಯ ತರಗತಿಗಳನ್ನು ಬೇರೆ ಊರಿಗೆ ಸೇರಿಸಿದರು. ಹತ್ತುವವರಿಲ್ಲವೆಂದು ಬಸ್ಸು ಮುಖ್ಯರಸ್ತೆಯಲ್ಲೇ ಹೋಗಿಬಿಡುತ್ತದೆ. ನನ್ನ ಮೊಮ್ಮಗಳು ಶಾಲೆಗೆ ಹೋಗಲು ಅಲ್ಲಿಯವರೆಗೆ ನಡೆದು ಆಟೋ ಕಾಯುತ್ತಾಳೆ. ನಾನು ಆಡಿದ ಸುಳ್ಳು ಹೀಗೆ ವರ್ಷ ವರ್ಷ ನಿಜವಾಗುತ್ತ ಬಂತು. ನಲ್ಲಿಯಲ್ಲಿ ನೀರೇನೋ ಧಾರಾಳವಾಗಿದೆ. ಪಾಳಿಗೆ ನಿಲ್ಲುವವರು —

ಮೊನ್ನೆ ಫೋನಿನಲ್ಲಿ ತಾವು, "ಸಾಯೋದ್ರಾಗ ನಮ್ಮನ್ಯಾಗ ನಾಕ್ ದಿನ ಮಲಗಬೇಕವಾ. ಮನಿ ಚಂದ ಐತಲ್ಲ?" ಎಂದು ಕೇಳಿದಿರಿ. ಹೂಂ ಎಂದೆ. ಅದೂ ಸುಳ್ಳು, ಅಕ್ಕಾ. ಮಾಳಿಗೆ ಹೋದ ಮಳೆಗಾಲದಲ್ಲೇ ಗೋಡೆಸಹಿತ ಕುಸಿದಿದೆ. ಹೊಸ್ತಿಲು ಮಾತ್ರ ಉಳಿದಿದೆ. ಅದಕ್ಕೆ ಇಂದಿಗೂ ರಂಗೋಲಿ ಎಳೆಯುತ್ತಿದ್ದೇನೆ — ಯಾರನ್ನು ನಂಬಿಸಲು ಎಂದು ನನಗೇ ತಿಳಿಯದು.

ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು, ಅಂದು ಆಡಿದ ಮಾತನ್ನು ಎಲ್ಲರೆದುರು ಹೇಳಲು ನಿಶ್ಚಯಿಸಿದ್ದೇನೆ. ಅದರಿಂದ ಮಾಳಿಗೆ ಏಳುವುದಿಲ್ಲವೆಂದು ಬಲ್ಲೆ. ತಮ್ಮ ಕೀಲಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ತಮಗೆ ಓದು ಬಾರದಾದ್ದರಿಂದ ಇದನ್ನು ಓದಿ ಹೇಳುವವಳು ಅದೇ ಸೊಸೆ. ಅವಳಲ್ಲಿ ನನ್ನ ವಿನಂತಿ: ಅಕ್ಷರ ತಪ್ಪಿದ್ದಲ್ಲಿ ತಿದ್ದಿ ಓದು ತಾಯಿ. ಆದರೆ ಅತ್ತೆಗೆ ನೋವಾದೀತೆಂದು ಒಂದು ಸಾಲನ್ನೂ ಬಿಡಬೇಡ.